ಊರಿನ ಹೈಸ್ಕೂಲಿನ ಹೆಡ್‌ಮಾಸ್ತರರ ಬದುಕನ್ನು ಬರೆಯುವಾಗ ಯಾವುದಕ್ಕೆ ಹೆಚ್ಚು ಪುಟ ಕೊಡಬೇಕು?

ಪ್ರಶ್ನೆ: ಅಂಕೋಲಾ ಕಡೆಯ ಹಳೆಯ ವಿದ್ಯಾರ್ಥಿ

ಎಲ್ಲ ಹಿರಿಯರಿಗೂ ಮಿತ್ರರಿಗೂ ನಮಸ್ಕಾರ. ಅಂಕೋಲಾ ತಾಲೂಕಿನ ಕಡಲತೀರದಲ್ಲಿರುವ ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳು ಸೇರಿ ಸ್ಮರಣ ಸಂಚಿಕೆಯೊಂದನ್ನು ಹೊರತರುತ್ತಿದ್ದು, ಶಾಲೆಯನ್ನು ಬೆಳೆಸಿದ ಮುಖ್ಯಾಧ್ಯಾಪಕರ ಕುರಿತು ದೀರ್ಘ ಲೇಖನ ಬರೆಯುವ ಹೊಣೆ ನನ್ನ ಪಾಲಿಗೆ ಬಂದಿದೆ. ಅವರು ಈಗ ನಮ್ಮೊಂದಿಗಿಲ್ಲ. ಕುಟುಂಬದವರ ಇಚ್ಛೆಯಂತೆ ಇಲ್ಲಿ ಅವರ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಬರೆಯುತ್ತಿಲ್ಲ. ಊರಿನವರಿಗೆ ಅವರು ‘ಹೆಡ್‌ಮಾಸ್ತರರು’ ಎಂದರೆ ಸಾಕಿತ್ತು. ಅವರ ನಂತರ ಆ ಕುರ್ಚಿಗೆ ಎಷ್ಟೋ ಮಂದಿ ಬಂದರೂ ಊರು ಇನ್ನೂ ಆ ಮಾತಿನಿಂದ ಅವರನ್ನೇ ಗುರುತಿಸುತ್ತದೆ.

ಅವರ ಬದುಕಿನ ಸ್ಥೂಲ ಪರಿಚಯ ನನಗಿದೆ. ಶಿರಸಿ ಸೀಮೆಯಲ್ಲಿ ತೋಟವಿಲ್ಲದ ಬಡ ಮನೆಯೊಂದರಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಮುಗಿಸಿ, ಕುಮಟೆಯಲ್ಲಿ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ದಿನ ಊಟ ಮಾಡುತ್ತ ಮೆಟ್ರಿಕ್ ಆಗಿ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಬಿ.ಎ. ಓದಿದ ಮೇಲೆ ಅವರು ನಮ್ಮೂರಿಗೆ ಸಹಶಿಕ್ಷಕರಾಗಿ ಬಂದರು. ಶಾಲೆಗೆ ಆಗ ಸ್ವಂತ ಕಟ್ಟಡವಿರಲಿಲ್ಲ. ದೇವಸ್ಥಾನದ ಚಂದ್ರಶಾಲೆಯಲ್ಲಿ ತರಗತಿಗಳು ನಡೆಯುತ್ತಿದ್ದವು. ಕೆಲವು ವರ್ಷಗಳಲ್ಲಿಯೇ ಮುಖ್ಯಾಧ್ಯಾಪಕರಾಗಿ, 58ನೆಯ ವಯಸ್ಸಿನಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ಉಳಿದರು. ಪೇಟೆಯ ದೊಡ್ಡ ಶಾಲೆಯಿಂದ ಕರೆ ಬಂದಾಗಲೂ ಅವರು ಹೋಗಲಿಲ್ಲವೆಂಬುದನ್ನು ಹಿರಿಯರೆಲ್ಲ ಹೇಳುತ್ತಾರೆ.

ಸಂಚಿಕೆಗೆ ಬಂದಿರುವ ಬರಹಗಳನ್ನು ಓದಿದಾಗ ನನಗೆ ಕಳವಳವಾಯಿತು. ‘ಆದರ್ಶ ಶಿಕ್ಷಕ’, ‘ಕರ್ಮಯೋಗಿ’, ‘ಶಿಸ್ತಿನ ಮೂರ್ತಿ’ ಎಂಬ ಮಾತುಗಳು ಪ್ರತಿಯೊಂದರಲ್ಲೂ ಇವೆ. ಅವು ಸುಳ್ಳಲ್ಲ, ಆದರೆ ಜಿಲ್ಲೆಯ ಬೇರಾವ ಮುಖ್ಯಾಧ್ಯಾಪಕರ ಹೆಸರನ್ನು ಅಲ್ಲಿ ಹಾಕಿದರೂ ಆ ಬರಹಗಳು ಹಾಗೆಯೇ ಹೊಂದುತ್ತವೆ. ನಮ್ಮ ಹೆಡ್‌ಮಾಸ್ತರರು ನಿಜಕ್ಕೂ ಏನು ಮಾಡಿದರೆಂಬುದು ಓದುವವರಿಗೆ ತಿಳಿಯುವಂತೆ ಬರೆಯಬೇಕೆಂದರೆ ಎಲ್ಲಿಂದ ತೊಡಗಬೇಕು, ಯಾವ ದಾಖಲೆಗಳನ್ನು ನೋಡಬೇಕು? ಅವರು ಹುಡುಗರಿಗೆ ಬೆತ್ತದ ರುಚಿ ತೋರಿಸುತ್ತಿದ್ದುದನ್ನು ಬರೆಯಬೇಕೇ, ಬಿಡಬೇಕೇ? ಇದರ ಬಗ್ಗೆ ನಮ್ಮ ಸಮಿತಿಯಲ್ಲಿ ಒಮ್ಮತವಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಶಿರಸಿಯ ನಿವೃತ್ತ ಮುಖ್ಯಾಧ್ಯಾಪಕ

ನಮಸ್ಕಾರ. ಘಟ್ಟದ ಮೇಲಿನ ಹೈಸ್ಕೂಲುಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು ನಾನು. ತಮ್ಮ ಪ್ರಶ್ನೆಯನ್ನು ಓದಿ, ಹೀಗೆ ಕೇಳುವ ವಿದ್ಯಾರ್ಥಿಯೊಬ್ಬ ಆ ಹಿರಿಯರಿಗೆ ಸಿಕ್ಕಿದ್ದಾನಲ್ಲ ಎಂದು ಬಹಳ ಸಂತೋಷವಾಯಿತು.

ವ್ಯಕ್ತಿಗಿಂತ ಮೊದಲು ಕಾಲವನ್ನು ಬರೆಯಿರಿ. ಇಂದಿನ ಓದುಗರಿಗೆ ಹೈಸ್ಕೂಲು ಎಂಬುದು ಬಸ್ ನಿಲ್ದಾಣದಷ್ಟೇ ಸಹಜವಾಗಿ ಊರಲ್ಲಿರುವ ವಸ್ತು. ಐವತ್ತರ ದಶಕದ ತನಕ ನಮ್ಮ ಜಿಲ್ಲೆಯ ಹಳ್ಳಿಗರಿಗೆ ಅದು ಬಹುಮಟ್ಟಿಗೆ ಕಾರವಾರ, ಕುಮಟಾ, ಶಿರಸಿಯಂಥ ಪೇಟೆಗಳಿಗೆ ಸೇರಿದ ಸಂಗತಿಯಾಗಿತ್ತು. ಪೇಟೆಯಲ್ಲಿ ನೆಂಟರಿದ್ದವರು, ಇಲ್ಲವೇ ವಾರಾನ್ನಕ್ಕೆ ಮನೆ ಹುಡುಕಿಕೊಳ್ಳಬಲ್ಲ ಜಾತಿಯವರು ಹೇಗೋ ಓದಿದರು. ಗೇಣಿದಾರರ, ಮೀನುಗಾರರ, ಹಾಲಕ್ಕಿ ಒಕ್ಕಲಿಗರ ಮಕ್ಕಳಿಗೆ ಆ ದಾರಿಯೂ ಇರಲಿಲ್ಲ. ಗೇಣಿದಾರ ರೈತರನ್ನು ಸಂಘಟಿಸಿ, ಅದಕ್ಕಾಗಿ ಜಿಲ್ಲೆಯಿಂದ ಗಡಿಪಾರಾಗಿದ್ದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ, ಹಳ್ಳಿಗಳಲ್ಲಿ ಜನತಾ ವಿದ್ಯಾಲಯಗಳನ್ನು ತೆರೆಯುತ್ತ ಹೋದುದು ಈ ಕಾರಣಕ್ಕಾಗಿಯೇ ಅಷ್ಟು ದೊಡ್ಡ ಕೆಲಸವಾಯಿತು. ತಮ್ಮ ಶಾಲೆ ಆ ಸಂಸ್ಥೆಯದಲ್ಲದಿದ್ದರೂ, ಊರೂರುಗಳಲ್ಲಿ ಶಾಲೆ ತೆಗೆಯಬಹುದೆಂಬ ಧೈರ್ಯ ಹುಟ್ಟಿದ ಆ ಕಾಲದ ಕೂಸೇ ಆಗಿರಬೇಕು.

ಜೊತೆಗೆ, 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮುಂಬಯಿಯ ಆಡಳಿತದಿಂದ ಮೈಸೂರು ರಾಜ್ಯಕ್ಕೆ ಸೇರಿತು. ನಕಾಶೆಯ ಗೆರೆ ಒಂದೇ ದಿನದಲ್ಲಿ ಬದಲಾಯಿತು. ಶಾಲೆಯೊಳಗಿನ ನಿಯಮ, ಪಠ್ಯ, ಪರೀಕ್ಷೆ, ಅನುದಾನದ ಕ್ರಮ ಇವೆಲ್ಲ ಬದಲಾಗಿ ನೆಲೆಗೊಳ್ಳಲು ವರ್ಷಗಳೇ ಬೇಕಾದವು. ರಾಜ್ಯದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಆರಂಭವಾದದ್ದು 1966ರಲ್ಲಿ. ಆ ಸಂಕ್ರಮಣದಲ್ಲಿ ಖಾಸಗಿ ಆಡಳಿತದ ಹಳ್ಳಿ ಶಾಲೆಯೊಂದನ್ನು ನಡೆಸಿದ ಮುಖ್ಯಾಧ್ಯಾಪಕರ ಅರ್ಧ ಆಯುಷ್ಯ ಕಾಗದ ಪತ್ರಗಳಲ್ಲಿಯೇ ಕಳೆದಿರುತ್ತದೆ. ಅನುದಾನ ತಡವಾದಾಗ ಸಹಶಿಕ್ಷಕರ ಸಂಬಳಕ್ಕೆ ದಾರಿ ಮಾಡುವುದು, ಕಟ್ಟಡಕ್ಕಾಗಿ ಊರವರಿಂದ ಕೆಂಪುಕಲ್ಲು, ಮರ, ಹಂಚು ಕೇಳಿ ತರುವುದು, ಸಹಾಯಾರ್ಥ ಯಕ್ಷಗಾನ ಆಡಿಸಿ ಟಿಕೆಟ್ ಮಾರುವುದು, ಮಳೆಗಾಲಕ್ಕೆ ಮೊದಲು ಮಾಡು ಸರಿಪಡಿಸುವುದು ಇವನ್ನೆಲ್ಲ ಅವರು ಮಾಡಿಯೇ ಇರಬೇಕು. ಆಡಳಿತ ಮಂಡಳಿಯ ನಿರ್ಣಯಗಳನ್ನು ಬರೆದಿಟ್ಟ ಹಳೆಯ ಠರಾವು ಪುಸ್ತಕ ದೊರೆತರೆ ಈ ಕತೆಯೆಲ್ಲ ಅದರಲ್ಲಿ ತಾರೀಖಿನ ಸಹಿತ ಸಿಗುತ್ತದೆ.

ಆದರೆ ತಾವು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂತು ಓದಬೇಕಾದದ್ದು ಶಾಲೆಯ ದಾಖಲಾತಿ ವಹಿಯನ್ನು. ನಮ್ಮ ಕಾಲದಲ್ಲಿ ಇದನ್ನು ಜನರಲ್ ರಜಿಸ್ಟರ್ ಎನ್ನುತ್ತಿದ್ದೆವು. ಮಗುವಿನ ಹೆಸರು, ತಂದೆಯ ಉದ್ಯೋಗ, ಜನ್ಮದಿನಾಂಕ, ಸೇರಿದ ತಾರೀಖು, ಬಿಟ್ಟ ತಾರೀಖು, ಬಿಟ್ಟ ಕಾರಣ ಎಲ್ಲವೂ ಅದರಲ್ಲಿರುತ್ತವೆ. ‘ಮನೆಯ ಕೆಲಸ’, ‘ಸತತ ಗೈರುಹಾಜರಿ’ ಎಂಬ ಕಾರಣ ಬರೆದು ಹೆಸರು ತೆಗೆದ ಮಗು ಅದೇ ವರ್ಷವೋ ಮರುವರ್ಷವೋ ಹೊಸ ಕ್ರಮಾಂಕದಲ್ಲಿ ಮತ್ತೆ ದಾಖಲಾಗಿದ್ದರೆ ಅಲ್ಲಿ ಗುರುತು ಹಾಕಿಕೊಳ್ಳಿ. ಬಿಟ್ಟುಹೋದ ಮಗು ತಾನಾಗಿ ಮರಳುವುದು ಅಪರೂಪ. ಯಾರೋ ಆ ಮನೆಯ ಜಗುಲಿಯ ಮೇಲೆ ಹೋಗಿ ಕೂತಿರುತ್ತಾರೆ, ತಂದೆಯ ಕೋಪವನ್ನು ಕೇಳಿರುತ್ತಾರೆ, ತಾಯಿಗೆ ಸಮಾಧಾನ ಹೇಳಿರುತ್ತಾರೆ. ಮುಖ್ಯಾಧ್ಯಾಪಕರ ನಿಷ್ಠೆಯನ್ನು ಅಳೆಯಲು ನನಗೆ ತಿಳಿದ ಅತ್ಯಂತ ಪ್ರಾಮಾಣಿಕ ಸಾಕ್ಷಿ ಇದೇ, ಶೇಕಡಾವಾರು ಫಲಿತಾಂಶವಲ್ಲ. ಏಕೆಂದರೆ ದುರ್ಬಲ ಮಕ್ಕಳನ್ನು ಒಂಬತ್ತರಲ್ಲೇ ತಡೆದು ಹತ್ತರ ಫಲಿತಾಂಶವನ್ನು ಚೆನ್ನಾಗಿ ತೋರಿಸುವುದು ಯಾರಿಗೂ ಕಷ್ಟವಲ್ಲ.

ಜನ್ಮದಿನಾಂಕದ ಅಂಕಣವನ್ನೂ ನೋಡಿ. ನಮ್ಮ ಪೀಳಿಗೆಯ ಎಷ್ಟೋ ಜನರ ಹುಟ್ಟಿದ ದಿನ ಜೂನ್ 1 ಎಂದಿರುತ್ತದೆ. ಜನನ ದಾಖಲೆ ಇಲ್ಲದ ಮಗುವನ್ನು ಸೇರಿಸುವಾಗ, ವಯಸ್ಸು ಲೆಕ್ಕಕ್ಕೆ ಹೊಂದಲೆಂದು ಶಾಲೆಯಲ್ಲಿ ಬರೆದುಬಿಟ್ಟ ತಾರೀಖು ಅದು. ಈ ತಾರೀಖು ಹೆಚ್ಚಾಗಿ ಪ್ರಾಥಮಿಕ ಶಾಲೆಯಿಂದಲೇ ಬರುತ್ತದೆ, ನಿಜ. ಆದರೂ ಕೆಲವು ಮುಖ್ಯಾಧ್ಯಾಪಕರು ತಾಯಂದಿರನ್ನು ಕರೆಸಿ, ಯಾವ ಹಬ್ಬದ ಆಸುಪಾಸು, ಯಾವ ನೆರೆಯ ವರ್ಷ ಎಂದು ಕೇಳಿ, ಸಾಧ್ಯವಾದಷ್ಟು ನಿಜಕ್ಕೆ ಹತ್ತಿರ ತರಲು ಪ್ರಯತ್ನಿಸುತ್ತಿದ್ದರು. ಆ ಒಂದು ಸಾಲು ಮುಂದೆ ಆ ಮಗುವಿನ ನೌಕರಿ, ನಿವೃತ್ತಿ, ಪಿಂಚಣಿಗಳನ್ನೆಲ್ಲ ನಿರ್ಧರಿಸುತ್ತದೆಂಬುದು ಅವರಿಗೆ ತಿಳಿದಿತ್ತು.

ಉತ್ತರ: ಮೀನುಗಾರರ ಕೇರಿಯಲ್ಲಿ ಬೆಳೆದವಳು, ಈಗ ಹುಬ್ಬಳ್ಳಿಯಲ್ಲಿ

ಪ್ರಶ್ನೆಯಲ್ಲಿರುವ ವಿವರಗಳನ್ನು ಓದಿದ ಕೂಡಲೇ ಯಾರ ಮಾತೆಂದು ನನಗೆ ತಿಳಿಯಿತು, ಏಕೆಂದರೆ ಅದು ನನ್ನ ಶಾಲೆಯೂ ಹೌದು. ಹೆಸರು ಹೇಳದೆಯೇ ಕೆಲವು ಸಂಗತಿಗಳನ್ನು ಬರೆಯುತ್ತೇನೆ. ಲೇಖನದಲ್ಲಿ ಬಳಸಿಕೊಳ್ಳಲು ನನ್ನ ಪೂರ್ಣ ಒಪ್ಪಿಗೆಯಿದೆ.

ನಮ್ಮ ಕೇರಿಯ ಬದುಕು ರಂಪಣಿ ಬಲೆಯನ್ನು ನಂಬಿತ್ತು. ಬಂಗಡೆಯ ಹಿಂಡು ದಂಡೆಗೆ ಬಂದ ದಿನ ಕೇರಿಗೆ ಕೇರಿಯೇ ಹಗ್ಗ ಹಿಡಿಯಬೇಕಾದ್ದರಿಂದ ಹುಡುಗರು ಶಾಲೆಗೆ ಬರುತ್ತಿರಲಿಲ್ಲ. ಬೇರೆ ಮಾಸ್ತರರು ಅದನ್ನು ಗೈರುಹಾಜರಿ ಎಂದು ಕಂಡರೆ, ಹೆಡ್‌ಮಾಸ್ತರರು ಆ ಹುಡುಗರನ್ನು ಮಧ್ಯಾಹ್ನದ ನಂತರವಾದರೂ ಬರಹೇಳಿ, ತಪ್ಪಿದ ಪಾಠವನ್ನು ಸಂಜೆ ತಾವೇ ಹೇಳಿಕೊಡುತ್ತಿದ್ದರು. ಘಟ್ಟದ ಮೇಲೆ ಅಡಿಕೆ ಕೊಯ್ಲಿನ ಕಾಲದಲ್ಲಿ ತಾವೂ ಕೂಲಿಗೆ ಅಡಿಕೆ ಸುಲಿಯುತ್ತ ಓದಿದವರೆಂದು ಅವರೇ ಒಮ್ಮೆ ಹೇಳಿದ್ದರು. ಕೆಲಸ ಮಾಡುವ ಮಗುವನ್ನು ಸೋಮಾರಿ ಎಂದು ಬಯ್ಯಬಾರದೆಂಬುದು ಅವರಿಗೆ ಪುಸ್ತಕದಿಂದ ತಿಳಿದದ್ದಾಗಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಪರ್ಸೀನ್ ದೋಣಿಗಳು ಬಂದು, ಮೀನನ್ನು ಆಳದಲ್ಲಿಯೇ ಸುತ್ತುವರಿಯತೊಡಗಿದ ಮೇಲೆ ರಂಪಣಿಗೆ ಮೀನು ಸಿಗದಾಯಿತು. ಹಣ ಕಡಿಮೆಯಾದ ಮನೆಗಳಲ್ಲಿ ಮೊದಲು ಶಾಲೆ ಬಿಡುವವರು ಹೆಣ್ಣುಮಕ್ಕಳು. ನನ್ನನ್ನೂ ಒಂಬತ್ತನೆಯ ತರಗತಿಯ ನಡುವೆ ಬಿಡಿಸಿ, ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲಿ ನಿಲ್ಲಿಸಿದರು. ಅವ್ವ ಮೀನು ಬುಟ್ಟಿ ಹೊತ್ತು ಹಳ್ಳಿಗಳಿಗೆ ಹೋಗತೊಡಗಿದ್ದಳು. ಹೆಡ್‌ಮಾಸ್ತರರು ನಮ್ಮ ಮನೆಗೆ ಬಂದದ್ದು ಹಗಲಲ್ಲಿ ಅಲ್ಲ, ಅವ್ವ ತಿರುಗಿ ಬರುವ ಹೊತ್ತನ್ನು ವಿಚಾರಿಸಿಕೊಂಡು ರಾತ್ರಿ ಬಂದರು. ಅಪ್ಪನೊಂದಿಗೆ ಮಾತ್ರ ಮಾತಾಡಿ ಹೋಗಬಹುದಿತ್ತು, ಆದರೆ ಮನೆಯ ಲೆಕ್ಕ ಅವ್ವನ ಕೈಯಲ್ಲಿದೆಯೆಂದು ಅವರಿಗೆ ಗೊತ್ತಿತ್ತು. ‘ತಂಗೀ, ಇವಳು ಎಸ್ಸೆಸ್ಸೆಲ್ಸಿ ಆಗಲಿ, ಆಮೇಲೆ ನಿನ್ನ ಮಾತಿಗೆ ನಾನು ಅಡ್ಡ ಬರೋದಿಲ್ಲ’ ಎಂದು ಅವಳಿಗೆ ಹೇಳಿದರು. ಫೀ ಬಾಕಿಯ ಮಾತನ್ನು ಅವ್ವನೇ ಎತ್ತಿದಾಗ, ಅದು ಶಾಲೆಯ ತಲೆನೋವೇ ಹೊರತು ನಿಮ್ಮದಲ್ಲ ಎಂದುಬಿಟ್ಟರು. ಫೀ ಕೊಡದವರ ಹೆಸರನ್ನು ತರಗತಿಯಲ್ಲಿ ಓದಿ ಹೇಳುವ ಪದ್ಧತಿ ಬೇರೆ ಕಡೆ ಇತ್ತಂತೆ. ನಮ್ಮ ಶಾಲೆಯಲ್ಲಿ ನಾನು ಅದನ್ನು ಎಂದೂ ಕೇಳಲಿಲ್ಲ.

ಇನ್ನೊಂದು ಸಂಗತಿಯನ್ನು ಗಂಡಸರು ಬರೆಯುವ ಲೇಖನಗಳಲ್ಲಿ ನಾನು ಕಂಡಿಲ್ಲ. ಎಂಟನೆಯ ತರಗತಿ ದಾಟಿದ ಹುಡುಗಿಯರು ಶಾಲೆ ಬಿಡಲು ಬಡತನವೊಂದೇ ಕಾರಣವಾಗಿರಲಿಲ್ಲ. ಶಾಲೆಯಲ್ಲಿ ಅವರಿಗೆ ಮರೆಯಾದ ಶೌಚದ ಜಾಗವೇ ಇರಲಿಲ್ಲ. ಹೊಸ ಆಫೀಸ್ ಕೋಣೆಗೆಂದು ಕೂಡಿಟ್ಟ ಕಲ್ಲಿನಲ್ಲಿ ಹೆಡ್‌ಮಾಸ್ತರರು ಮೊದಲು ಹುಡುಗಿಯರಿಗಾಗಿ ಬಾಗಿಲಿರುವ ಶೌಚಾಲಯವನ್ನೂ ಅದರ ಪಕ್ಕದಲ್ಲಿ ನೀರಿನ ತೊಟ್ಟಿಯನ್ನೂ ಕಟ್ಟಿಸಿದರು, ಮತ್ತು ತಾವು ಮುಂದೆಯೂ ಬಹಳ ಕಾಲ ತರಗತಿಯ ಮೂಲೆಯಲ್ಲಿ ಮೇಜು ಹಾಕಿಕೊಂಡೇ ಆಫೀಸ್ ಕೆಲಸ ಮಾಡಿದರು. ಇದನ್ನು ದಯವಿಟ್ಟು ಬರೆಯಿರಿ.

ಹೆಡ್‌ಮಾಸ್ತರರ ಹೆಂಡತಿ, ನಮ್ಮೆಲ್ಲರ ಅಮ್ಮನವರ ಕುರಿತೂ ಬರೆಯಲೇಬೇಕು. ಮಳೆಗಾಲದಲ್ಲಿ ಹೊಳೆ ದಾಟಿಸುವ ತಾರಿ ದೋಣಿ ನಿಂತುಹೋದ ದಿನಗಳಲ್ಲಿ ಹೊಳೆಯಾಚೆಯ ಹುಡುಗಿಯರು ಹೆಡ್‌ಮಾಸ್ತರರ ಮನೆಯಲ್ಲಿಯೇ ಉಳಿಯುತ್ತಿದ್ದರು. ಅವರಿಗೆಲ್ಲ ಗಂಜಿ ಬೇಯಿಸಿ, ಒದ್ದೆ ಬಟ್ಟೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ಯಾವ ಜಾತಿಯವರೆಂದು ನೋಡದೆ ಒಂದೇ ಸಾಲಿನಲ್ಲಿ ಕೂಡಿಸಿ ಬಡಿಸಿದವರು ಅವರು. ಆ ಕಾಲದಲ್ಲಿ, ಆ ಮನೆತನದಲ್ಲಿ, ಅದು ಸಣ್ಣ ಮಾತಲ್ಲ. ಊರಿನ ಒಂದಿಬ್ಬರು ಹಿರಿಯರು ಅವರ ಮನೆಯ ಊಟವನ್ನು ಬಿಟ್ಟರೆಂಬುದನ್ನು ಕೇಳಿ ಬಲ್ಲೆ. ಹೆಡ್‌ಮಾಸ್ತರರಿಗೆ ಸನ್ಮಾನಗಳಾದವು, ಶಾಲು ಹೊದಿಸಿದರು. ಅಮ್ಮನವರನ್ನು ವೇದಿಕೆಗೆ ಕರೆದದ್ದು ನನಗೆ ನೆನಪಿಲ್ಲ.

ಉತ್ತರ: ಅಘನಾಶಿನಿ ದಂಡೆಯ ಓದುಗ

ಚಿಕ್ಕದೊಂದು ಸೇರ್ಪಡೆ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು ತಾವು ಉಳುವ ಭೂಮಿಯ ಒಡೆತನಕ್ಕಾಗಿ ಭೂನ್ಯಾಯಮಂಡಳಿಗೆ ನಮೂನೆ 7ರಲ್ಲಿ ಅರ್ಜಿ ಸಲ್ಲಿಸಬೇಕಾಗಿತ್ತು. ನಮ್ಮ ಕಡೆ ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುತ್ತಿದ್ದ ಒಕ್ಕಲುಗಳಿಗೆ ಓದು ಬರಹ ಬರುತ್ತಿರಲಿಲ್ಲವಾದ್ದರಿಂದ, ಊರಿನ ಶಾಲೆಯ ಮಾಸ್ತರರೇ ಕಂದೀಲಿನ ಬೆಳಕಿನಲ್ಲಿ ಸರ್ವೆ ನಂಬರು ಹುಡುಕಿ, ಅರ್ಜಿ ತುಂಬಿಸಿಕೊಟ್ಟರು. ಶಾಲೆಗೆ ಜಾಗ ಕೊಟ್ಟ ಭೂಮಾಲೀಕರು ಆಡಳಿತ ಮಂಡಳಿಯಲ್ಲಿಯೇ ಇದ್ದ ಊರುಗಳಲ್ಲಿ ಹೀಗೆ ಬರೆದುಕೊಡಲು ಎಷ್ಟು ಗಟ್ಟಿತನ ಬೇಕಾಗಿತ್ತೆಂಬುದನ್ನು ಯೋಚಿಸಿ. ಭೂಮಿ ಸಿಕ್ಕ ಮೇಲೆ ಒಕ್ಕಲು ಮಕ್ಕಳು ಹೈಸ್ಕೂಲಿನಲ್ಲಿ ನಿಂತು ಓದಿದರು ಎಂಬುದನ್ನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ. ತಮ್ಮ ಹೆಡ್‌ಮಾಸ್ತರರು ಆಗ ಏನು ಮಾಡಿದರೆಂಬುದನ್ನು ಊರಿನ ಹಳೆಯ ಗೇಣಿದಾರರ ಮನೆಗಳಲ್ಲಿ ವಿಚಾರಿಸಿ ನೋಡಿರಿ.

ಉತ್ತರ: ಕಾರವಾರದಲ್ಲಿ ಸೇವೆಯಲ್ಲಿರುವ ಶಿಕ್ಷಕ

ಬೆತ್ತದ ವಿಷಯವನ್ನು ಯಾರೂ ಎತ್ತಿಕೊಳ್ಳಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಅದನ್ನು ಬಿಡಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಕಾಯ್ದೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ನಿವೃತ್ತರಾದವರನ್ನು ಅದರ ಅಳತೆಗೋಲಿನಿಂದ ಅಳೆಯಬೇಕೆಂದು ನಾನು ಹೇಳುವುದಿಲ್ಲ. ಆದರೆ ಪೆಟ್ಟು ತಿಂದ ಹುಡುಗನಿಗೆ ಆಗಲೂ ನೋವಾಗಿತ್ತು. ‘ಅವರ ಪೆಟ್ಟಿನಿಂದಲೇ ನಾವು ಮನುಷ್ಯರಾದೆವು’ ಎಂದು ಹೇಳುವವರು ಸಂಚಿಕೆಗೆ ಬರೆಯುತ್ತಾರೆ. ಪೆಟ್ಟಿಗೆ ಹೆದರಿ ಶಾಲೆಯನ್ನೇ ಬಿಟ್ಟವರು ಬರೆಯುವುದಿಲ್ಲ, ಅವರು ಹಳೆಯ ವಿದ್ಯಾರ್ಥಿ ಸಂಘದಲ್ಲಿಯೂ ಇರುವುದಿಲ್ಲ. ಅಂಥವರು ಊರಿನಲ್ಲಿದ್ದರೆ ಹುಡುಕಿ ಮಾತನಾಡಿಸಬೇಕು. ಮಕ್ಕಳನ್ನು ಮರಳಿ ಕರೆತಂದ ಕೈಯಲ್ಲಿಯೇ ಬೆತ್ತವೂ ಇತ್ತೆಂಬುದನ್ನು ಬರೆದರೆ ಅವರ ಗೌರವಕ್ಕೆ ಕುಂದು ಬರುವುದಿಲ್ಲ. ಓದುವವರಿಗೆ ಅವರ ಮೇಲೆ ನಂಬಿಕೆ ಹೆಚ್ಚುತ್ತದೆ.

ಇನ್ನೊಂದು ಮಾತು. ಹಳ್ಳಿಯ ಶಾಲೆಗಳಲ್ಲಿ ದುಡಿದವರ ಬೋಧನೆಯ ಕೆಲಸ ಬಹುಬೇಗ ಮರೆಯಾಗುತ್ತದೆ. ಸು.ರಂ. ಎಕ್ಕುಂಡಿಯವರನ್ನು ನಾಡು ಕವಿಯೆಂದು, 1992ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರೆಂದು ನೆನೆಯುತ್ತದೆ. ಅವರು ಬದುಕಿನ ಬಹುಭಾಗವನ್ನು ಕಳೆದದ್ದು ಗೋಕರ್ಣದ ಬಳಿಯ ಬಂಕಿಕೊಡ್ಲದ ಆನಂದಾಶ್ರಮ ಹೈಸ್ಕೂಲಿನ ಮಕ್ಕಳೊಂದಿಗೆ. ಕವಿತೆಗಳಾದರೂ ಪುಸ್ತಕದಲ್ಲಿ ಉಳಿದವು. ಕವಿತೆ ಬರೆಯದ ಮಾಸ್ತರರ ಪಾಠ ಹೇಳುವ ರೀತಿ ಕೇಳಿದವರ ನೆನಪಿನಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ತಮ್ಮ ಹೆಡ್‌ಮಾಸ್ತರರು ತರಗತಿಯಲ್ಲಿ ಏನು ಮಾಡುತ್ತಿದ್ದರೆಂಬುದನ್ನು ಕೇಳಿ ಬರೆದುಕೊಳ್ಳಿ. ಇಂಗ್ಲಿಷಿನ ಕಾಲಗಳನ್ನು ಹೇಗೆ ಕಲಿಸಿದರು, ಮನೆಯಲ್ಲಿ ಕೊಂಕಣಿಯನ್ನೋ ಹಾಲಕ್ಕಿ ಕನ್ನಡವನ್ನೋ ಆಡುವ ಮಗು ತಪ್ಪು ಬರೆದಾಗ ಹೇಗೆ ತಿದ್ದಿದರು, ಗಣಿತದ ಹುದ್ದೆ ಖಾಲಿಯಿದ್ದಾಗ ಯಾರು ಪಾಠ ಮಾಡಿದರು, ಪರೀಕ್ಷೆಯ ಮೊದಲು ರಾತ್ರಿ ಅಭ್ಯಾಸಕ್ಕೆ ಬಂದ ಮಕ್ಕಳಿಗೆ ಏನನ್ನು ಓದಿಸಿದರು ಎಂಬಂಥ ವಿವರಗಳು ಬೇಕು.

ಶಾಲೆಯ ಸಿಪಾಯಿಯನ್ನೂ ಸಹಶಿಕ್ಷಕರನ್ನೂ ಮರೆಯದಿರಿ. ಹೆಡ್‌ಮಾಸ್ತರರು ಸಂಜೆ ಕೇರಿಗಳಿಗೆ ಹೋಗುತ್ತಿದ್ದಾಗ ಶಾಲೆಯ ಬೀಗದ ಕೈ, ರಾತ್ರಿ ಅಭ್ಯಾಸದ ಗ್ಯಾಸ್ ಬತ್ತಿ ಇವೆಲ್ಲ ಯಾರದೋ ಜವಾಬ್ದಾರಿಯಾಗಿದ್ದವು. ಇಂದು ನಾವು ಬಿಸಿಯೂಟದ ಲೆಕ್ಕ, ಮಕ್ಕಳ ಆನ್‌ಲೈನ್ ದಾಖಲೆಗಳ ನಡುವೆ ಒಂದು ಮನೆಗೆ ಭೇಟಿ ಕೊಡಲು ಹೊತ್ತು ಹುಡುಕುತ್ತೇವೆ. ಅವರು ಆ ಹೊತ್ತನ್ನು ಎಲ್ಲಿಂದ ತಂದರೆಂಬುದನ್ನು ತಿಳಿಯಲು ನನ್ನಂಥವರು ತಮ್ಮ ಲೇಖನವನ್ನು ನಿಜಕ್ಕೂ ಕಾದು ಓದುತ್ತೇವೆ.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಹುಬ್ಬಳ್ಳಿಯ ಅಕ್ಕನವರು ಬರೆದ ಶೌಚಾಲಯದ ಸಂಗತಿ, ಅದೇ ಶಾಲೆಯಲ್ಲಿ ಓದಿದ ನನಗೆ ಈವರೆಗೆ ತಿಳಿದಿರಲಿಲ್ಲ. ಅಮ್ಮನವರ ಕುರಿತು ಪ್ರತ್ಯೇಕ ಭಾಗವನ್ನೇ ಬರೆಯುತ್ತೇನೆ. ಬೆತ್ತದ ವಿಷಯದಲ್ಲಿ ಕಾರವಾರದ ಶಿಕ್ಷಕರ ಮಾತನ್ನು ಸಮಿತಿಯ ಮುಂದಿಟ್ಟೆ. ಇಬ್ಬರು ಹಿರಿಯರು ಇನ್ನೂ ಒಪ್ಪಿಲ್ಲವಾದರೂ, ಆ ಭಾಗವಿಲ್ಲದೆ ಲೇಖನ ಕೊಡಲಾರೆನೆಂದು ವಿನಯದಿಂದಲೇ ತಿಳಿಸಿದ್ದೇನೆ. ಈಗಿನ ಮುಖ್ಯಾಧ್ಯಾಪಕರು ಹಳೆಯ ವಹಿಗಳನ್ನು ತೋರಿಸಲು ಒಪ್ಪಿದ್ದಾರೆ. ಅವುಗಳಲ್ಲಿ ಜಾತಿ, ತಂದೆಯ ಉದ್ಯೋಗ, ಫೀ ಬಾಕಿ ಎಲ್ಲವೂ ಇರುವುದರಿಂದ, ಯಾವುದನ್ನು ಅಚ್ಚಿಗೆ ಕೊಡಬಹುದು ಎಂಬುದೊಂದು ಸಂದೇಹ ಉಳಿದಿದೆ.

ಉತ್ತರ: ಶಿರಸಿಯ ನಿವೃತ್ತ ಮುಖ್ಯಾಧ್ಯಾಪಕ

ಒಳ್ಳೆಯ ಸಂದೇಹ. ವಹಿಯಿಂದ ಯಾವ ಮಗುವಿನ ಹೆಸರನ್ನೂ, ಯಾವ ಪುಟದ ಛಾಯಾಚಿತ್ರವನ್ನೂ ಅಚ್ಚು ಮಾಡಬೇಡಿ. ಯಾವ ವರ್ಷ ಎಷ್ಟು ಮಕ್ಕಳು ಸೇರಿದರು, ಅವರಲ್ಲಿ ಹುಡುಗಿಯರೆಷ್ಟು, ಬಿಟ್ಟವರೆಷ್ಟು, ಬಿಟ್ಟು ಮರಳಿ ಸೇರಿದವರೆಷ್ಟು ಎಂಬ ಲೆಕ್ಕವನ್ನು ಮಾತ್ರ ತೆಗೆಯಿರಿ. ಮರಳಿ ಸೇರಿದವರಲ್ಲಿ ಯಾರಾದರೂ ಈಗ ಊರಿನಲ್ಲಿದ್ದರೆ ಖುದ್ದಾಗಿ ಹೋಗಿ ಕಂಡು, ಬರೆಯಲು ಒಪ್ಪಿಗೆ ಕೇಳಿ. ಒಪ್ಪದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಫೀ ಬಾಕಿಯನ್ನು ತರಗತಿಯಲ್ಲಿ ಓದಿಸದ ಹೆಡ್‌ಮಾಸ್ತರರ ಸಂಚಿಕೆಯಲ್ಲಿ ಅದು ಅಚ್ಚಾಗುವುದಂತೂ ಕೂಡದು.

ವಹಿಯ ಹಾಳೆಗಳು ನಮ್ಮ ಕಡೆಯ ಮಳೆಗೆ ಅಂಟಿಕೊಂಡಿರುವುದು ಸಾಮಾನ್ಯ, ಆದ್ದರಿಂದ ಈ ಕೆಲಸವನ್ನು ಬೇಸಿಗೆಯಲ್ಲಿಯೇ ಮುಗಿಸಿ. ಬಲವಂತದಿಂದ ಹಾಳೆ ಬಿಡಿಸಬೇಡಿ, ಒಣಗಿಸಲು ಬಿಸಿಲಿಗೂ ಇಡಬೇಡಿ. ನೆರಳಿನಲ್ಲಿ ಗಾಳಿಯಾಡುವಂತೆ ಕೆಲವು ದಿನ ತೆರೆದಿಡಿ. ಠರಾವು ಪುಸ್ತಕ ಶಾಲೆಯಲ್ಲಿ ಸಿಗದಿದ್ದರೆ ಆಡಳಿತ ಮಂಡಳಿಯ ಹಳೆಯ ಕಾರ್ಯದರ್ಶಿಗಳ ಮನೆಗಳಲ್ಲಿ ಕೇಳಿ ನೋಡಿ. ಎಷ್ಟೋ ಊರುಗಳಲ್ಲಿ ಅದು ಅಟ್ಟದ ಪೆಟ್ಟಿಗೆಯಲ್ಲಿ ಇರುತ್ತದೆ.